ಬೆಳಕಿಗೆ ಹಿಡಿದ ಸೀಸೆ

ನಾನು ಕೆಲಸ ಕಲಿತ ಶಹಾಪುರದ ಪರೀಕ್ಷಾಲಯದಲ್ಲಿ ಕೆಮಿಸ್ಟ್ ಮೇಡಂ ಪ್ರತಿ ಸೀಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. "ಮಶೀನಿಗಿಂತ ಮೊದ್ಲ ನಾವು ನೋಡ್ಬೇಕ್ರಿ" ಎನ್ನುವರು.

ದೋರನಹಳ್ಳಿಯ ವ್ಯಾಪಾರಿಯೊಬ್ಬ ಕಾಲುವೆ ನೀರಿನಲ್ಲಿ ಬೆಳೆದ ಮೆಣಸಿನಕಾಯಿಯನ್ನು ಬೂಷ್ಟಿನ ವಿಷದ ಪರೀಕ್ಷೆಗೆ ತಂದ. ಮೇಡಂ ಮನೆಗೆಂದು ಅದೇ ರಾಶಿಯ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟ. ಶೇಂಗಾಕ್ಕೆ ಬಳಸುವ ಅಗ್ಗದ ಸೋಸುಗೊಳವೆಯಿಂದ ಮೆಣಸಿನಕಾಯಿಯ ರಸ ಸೀಸೆಗೆ ಕೆಂಪಾಗಿಯೇ ಇಳಿಯಿತು. ಮಶೀನು ವಿಷವಿಲ್ಲ ಎಂದಿತು.

"ಇಲ್ಲ ಅಂತದಲ್ರಿ, ಬರ್ದು ಕೊಡ್ರಿ" ಎಂದ ವ್ಯಾಪಾರಿ.

"ಮಶೀನಿನ ಕಣ್ಣಾಗ ಖಾರ ಬಿದ್ದದ್ರಿ. ತೊಳದು ಕೇಳೂಣು" ಎಂದರು ಮೇಡಂ, ಕೆಂಪು ಸೀಸೆಯನ್ನು ಬೆಳಕಿಗೆ ಹಿಡಿದು.

ಬಣ್ಣ ತೊಳೆದು ವಿಷವನ್ನಷ್ಟೇ ಹಿಡಿದಿಡುವ ದುಬಾರಿ ಕೊಳವೆ ತೆಗೆದರು. ರಸ ತಿಳಿಯಾಯಿತು, ಮಶೀನಿಗೆ ವಿಷ ಕಂಡಿತು.

"ಇಷ್ಟಕ್ಕ ಯಾರಿಗೂ ಏನೂ ಆಗಂಗಿಲ್ರಿ" ಎಂದ ವ್ಯಾಪಾರಿ.

ಮೇಡಂ ಪೊಟ್ಟಣವನ್ನು ಅವನತ್ತ ಸರಿಸಿದರು. "ಹಂಗಾದ್ರ ಇದನ್ನ ನಿಮ್ಮ ಮನಿಗೆ ಒಯ್ರಿ."

ಅವನ ಕೈ ಮುಂದೆ ಬರಲಿಲ್ಲ.