ಹಂದರದ ಕೆಳಗೆ ಒಂದು ಸಸಿ

ಸಸಿ ಒಂದು ಗೇಣು. ಅದರ ಸುತ್ತ ನೆಟ್ಟ ಗೂಟಗಳು ಆಳೆತ್ತರ. ನಾಲ್ಕೂ ಎಳೆಯ ಸಾಗವಾನಿ. ಕಡಿದ ತುದಿಗಳ ತೇವ ಇನ್ನೂ ಆರಿರಲಿಲ್ಲ.

ಕಳೆದ ವಾರ ದಾಂಡೇಲಿಯ ನಮ್ಮ ಶಾಲೆಯಲ್ಲಿ ವನಮಹೋತ್ಸವ. ಹಳಿಯಾಳದಿಂದ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಬರುವವರಿದ್ದರು. ಸಾಹೇಬರು ಮಳೆಯಲ್ಲಿ ನೆನೆಯಬಹುದೆ? ಹಂದರ ಬೇಕು. ಹಂದರ ಬೋಳಾಗಿರಬಹುದೆ? ಹಸಿರು ಟೊಂಗೆ ಬೇಕು. ಸಸಿಯನ್ನು ದನ ಮೇಯಬಹುದಲ್ಲ? ಗೂಟ ಬೇಕು. ಹೆಡ್‌ಮಾಸ್ತರರು ಹಿಂದಿನ ದಿನವೇ ಇಬ್ಬರು ಆಳುಗಳನ್ನು ಶಾಲೆಯ ಹಿಂದಿನ ಗುಡ್ಡಕ್ಕೆ ಕಳಿಸಿದರು. ಸಂಜೆ ಚಕ್ಕಡಿ ತುಂಬಿ ಬಂತು. (ಒಂದು ಗಿಡ ನೆಡಲು ಎಷ್ಟು ಗಿಡ ಬೇಕೆಂಬ ಲೆಕ್ಕ ನಮ್ಮ ಗಣಿತದ ಪುಸ್ತಕದಲ್ಲಿಲ್ಲ.)

ಆ ವಾರವಿಡೀ ನಾನು ನಾಲ್ಕನೆಯ ಇಯತ್ತೆಗೆ ಕಾಡಿನ ಪಾಠ ಮಾಡಿದ್ದೆ. ಮರ ಹೋದರೆ ಮಣ್ಣು ನಿಲ್ಲದು, ಮಣ್ಣು ಹೋದರೆ ನೀರು ನಿಲ್ಲದು. ಹಸಿ ಮರ ಕಡಿಯಬಾರದು. ಹತ್ತು ಸಲ ಬರೆಸಿದ್ದೆ. ಮಕ್ಕಳು ನಂಬಿಬಿಟ್ಟರು. ಹೇಳಿದ್ದನ್ನು ಮಕ್ಕಳು ನಂಬುತ್ತಾರೆಂಬುದು ಹೇಳುವವರಿಗೇ ನೆನಪಿರುವುದಿಲ್ಲ.

ಸಾಹೇಬರು ಭಾಷಣದ ಕೊನೆಗೆ, "ಕಾಡು ಹಾಳ ಮಾಡೋರು ಯಾರು? ಹೇಳ್ರಿ ನೋಡೂಣು" ಎಂದರು. 'ತಿಳಿವಳಿಕೆಯಿಲ್ಲದ ಜನ' ಎಂಬ ಉತ್ತರವನ್ನು ಹೆಡ್‌ಮಾಸ್ತರರು ಮುಂದಿನ ಸಾಲಿನ ಜಾಣೆಯೊಬ್ಬಳಿಗೆ ಮೊದಲೇ ಬಾಯಿಪಾಠ ಮಾಡಿಸಿದ್ದರು. ಆಕೆಗಿಂತ ಮೊದಲು ನನ್ನ ತರಗತಿಯ ಗಂಗವ್ವ ಎದ್ದಳು. ಅವಳ ತಂದೆ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುತ್ತಾನೆ. ತಾಯಿ ಒಲೆಗೆಂದು ಕಾಡಿನಲ್ಲಿ ಪುಳ್ಳೆ ಆರಿಸುತ್ತಾಳೆ.

"ಈ ಹಂದರ ಹಾಕ್ಸಿದವ್ರು ರೀ. ನಮ್ಮವ್ವ ಒಣಾ ಕಟಗಿ ತಂದ್ರೂ ಗಾರ್ಡ ಬೈತಾನ್ರಿ. ಇದೆಲ್ಲಾ ಹಸೀದ ಐತಿ."

ಸಾಹೇಬರು ನಕ್ಕರು. ತಲೆಯೆತ್ತಿ ಹಂದರ ನೋಡಿದರು. ಆಮೇಲೆ ನಗಲಿಲ್ಲ. ಅವರ ಹಿಂದೆ ನಿಂತಿದ್ದ ಕಾಡಿನ ಗಾರ್ಡ್ ತನ್ನ ಟೋಪಿ ಸರಿಮಾಡಿಕೊಂಡ. ಸಾಹೇಬರು ಚಹಾ ಮುಟ್ಟದೆ ಜೀಪು ಹತ್ತಿದರು.

ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. "ಅಲ್ರಿ ಬಾಯಾರ, ಏನ್ ಕಲಿಸೀರಿ ಆ ಹುಡಿಗಿಗೆ? ನಾಳೆ ಆಕಿ ಪ್ರಾರ್ಥನಾದಾಗ ಎಲ್ಲಾರ ಮುಂದ ತಪ್ಪಾತು ಅನ್ನಬೇಕು. ಇಲ್ಲಾಂದ್ರ ಹಾಜರಿಯೊಳಗಿನ ಹೆಸರು ತಗದು ಮನಿಗೆ ಕಳಸತೇನಿ."

"ಆಕಿ ಸುಳ್ಳ ಹೇಳ್ಯಾಳೇನ್ರಿ ಸರ್?"

"ಖರೆ ಹೇಳಾಕ ಹೊತ್ತುಗೊತ್ತು ಬ್ಯಾಡೇನ್ರಿ?"

ಗೇಟಿನ ಬಳಿ, ಸುದ್ದಿ ಕೇಳಿ ಬಂದ ಗಂಗವ್ವನ ತಾಯಿ ಮಗಳೊಡನೆ ಕಾಯುತ್ತಿದ್ದಳು. "ತಪ್ಪಾತು ಅಂತಾಳ್ರಿ ಅಕ್ಕೋರ, ನಾ ಅನ್ನಿಸ್ತೇನಿ. ಸಾಲಿ ಒಂದ ಬಿಡಿಸಬ್ಯಾಡ್ರಿ. ನನಗಂತೂ ಅಕ್ಷರ ಬರಂಗಿಲ್ಲ, ಇಕಿಗರೆ ಬರ್ಲಿ."

ಗಂಗವ್ವ ಅಳುತ್ತಿರಲಿಲ್ಲ. "ಹಸೀದು ಕಡೀಬಾರದು ಅಂತ ನೀವ ಹೇಳಿದ್ರಲ್ಲರೀ?" ಎಂದಳು.

 

ನಾನು ಸಭೆಯಲ್ಲಿ ಮಾತಾಡುವವಳಲ್ಲ. ಸ್ಟಾಫ್ ರೂಮಿನಲ್ಲೂ ಮೂಲೆಯ ಕುರ್ಚಿಯೇ ನನ್ನದು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದು ಗಂಗವ್ವನ ಹೆಸರು ಕೂಗಿದಾಗ, ಅವಳಿಗಿಂತ ಮೊದಲು ಕಟ್ಟೆ ಹತ್ತಿದೆ. "ತಪ್ಪು ನನ್ನದು. ಹಸಿ ಮರ ಕಡಿಯಬಾರದು ಎಂದು ಕಲಿಸಿದೆ. ಸಾಹೇಬರು ಬರುವ ದಿನ ಕಡಿಯಬಹುದು ಎಂದು ಕಲಿಸಲು ಮರೆತೆ. ಕ್ಷಮಿಸಿ" ಎಂದೆ.

ನಂತರ ತರಗತಿಗೆ ಹೋಗಿ ಹಾಜರಿ ಕರೆದೆ. ಗಂಗವ್ವನ ಹೆಸರನ್ನು ಎಲ್ಲರಿಗಿಂತ ಮೊದಲು.