ಟ್ಯೂಬಿನ ಗಂಟು

ಬಿಸಿಲಿಗೆ ಕಾದ ಸೈಕಲ್ ಟ್ಯೂಬಿಗೆ ಒಂದು ವಾಸನೆ ಇರುತ್ತದೆ. ಸುಟ್ಟ ವಾಸನೆಯಲ್ಲ, ಇನ್ನೇನು ಸುಡುತ್ತೇನೆ ಎನ್ನುವಂಥದ್ದು. ಹೋದ ತಿಂಗಳು ನಮ್ಮ ಹೊಲಕ್ಕೆ ಕಲ್ಲು ಆರಿಸುವ ಮಷಿನ್ ಬಾಡಿಗೆಗೆ ಬಂದಾಗ, ಟ್ರ್ಯಾಕ್ಟರಿನ ಸೀಟಿನ ಪಕ್ಕ ನಿಂತ ನನ್ನ ಮೂಗಿಗೆ ಅದೇ ವಾಸನೆ ಬಡಿಯಿತು. ಬಗ್ಗಿ ನೋಡಿದೆ. ಲಿವರನ್ನು ಮೇಲೆತ್ತಿ, ಕರಿ ಟ್ಯೂಬಿನ ತುಂಡಿನಿಂದ ಸೀಟಿನ ಕಬ್ಬಿಣಕ್ಕೆ ಬಿಗಿದು ಕಟ್ಟಿದ್ದರು. ನನ್ನ ಮೈ ಉರಿದುಹೋಯಿತು. ಇಷ್ಟು ವರ್ಷವಾದ ಮೇಲೂ...

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಸಿಟ್ಟು ಮೂಗಿನ ತುದಿಯದಲ್ಲ, ಹೊಟ್ಟೆಯೊಳಗಿನದು. ಇದು ಕಲ್ಲು ಮಷಿನ್ ಮಾವನದು.

ಮಾವ ಎಂದರೆ ರಕ್ತಸಂಬಂಧವೇನಲ್ಲ. ಹಿರೇಹಡಗಲಿ ಕಡೆಯ ನಮ್ಮ ಊರಿನಲ್ಲಿ, ನಮ್ಮ ಮನೆಯ ಹಿಂದಿನ ಓಣಿಯವನು. ಊರಿನ ಸಾಹುಕಾರ ಟ್ರ್ಯಾಕ್ಟರಿಗೆ ಕಟ್ಟುವ ಕಲ್ಲು ಆರಿಸುವ ಮಷಿನ್ ತಂದಾಗ, ಓಡಿಸಲು ಮಾವನನ್ನು ಇಟ್ಟುಕೊಂಡ. ಅಲ್ಲಿಯವರೆಗೆ ಬೇಸಿಗೆ ಬಂತೆಂದರೆ ಹೆಂಗಸರ ನಡು ಬಿದ್ದುಹೋಗುತ್ತಿತ್ತು. ಬುಟ್ಟಿಗಟ್ಟಲೆ ಕಲ್ಲು ಆರಿಸಿ ಬದುವಿಗೆ ಸುರಿಯುವುದು, ಮುಂದಿನ ವರ್ಷ ರಂಟೆ ಹೊಡೆದರೆ ಮತ್ತೆ ಅಷ್ಟೇ ಕಲ್ಲು ಮೇಲೆ ಬರುವುದು. ನಮ್ಮ ಹೊಲ ಜೋಳಕ್ಕಿಂತ ಕಲ್ಲನ್ನೇ ಚೆನ್ನಾಗಿ ಬೆಳೆಯುತ್ತದೆ ಎಂದು ಅಪ್ಪ ನಗುತ್ತಿದ್ದ. ಮಷಿನಿನ ಕಬ್ಬಿಣದ ಹಲ್ಲುಗಳು ತಿರುಗುತ್ತಾ ಕಲ್ಲನ್ನೆತ್ತಿ, ಮಣ್ಣು ಜಾಡಿಸಿ, ಹಿಂದಿನ ತೊಟ್ಟಿಗೆ ಎಸೆಯುವುದನ್ನು ಮೊದಲ ದಿನ ನಾವೆಲ್ಲ ಬದುವಿನ ಮೇಲೆ ಕೂತು ನೋಡಿದೆವು. ಮಾವ ಸೀಟಿನ ಮೇಲೆ ಮದುಮಗನ ಹಾಗೆ ಕೂತಿದ್ದ.

ಮಷಿನನ್ನು ಅವನು ಚೆನ್ನಾಗಿಯೇ ನೋಡಿಕೊಂಡ. ಬೆಳಿಗ್ಗೆ ಎದ್ದರೆ ಗ್ರೀಸ್ ಗನ್ ಹಿಡಿದು ಅದರ ಅಡಿ ಮಲಗುತ್ತಿದ್ದ. ಸಡಿಲಾದ ಬೋಲ್ಟು ಬಿಗಿಯುತ್ತಿದ್ದ, ಬಾಗಿದ ಹಲ್ಲನ್ನು ಬಿಚ್ಚಿ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಿದ್ದ. "ನಮ್ಮ ಮನಿಯಾಕಿ ಮೊಣಕಾಲಿಗೂ ಇಷ್ಟು ಎಣ್ಣಿ ತಿಕ್ಕಿಲ್ಲ ನೋಡವಾ" ಎಂದು ನನ್ನೆದುರು ನಗುತ್ತಿದ್ದ.

ಆದರೆ ಎಣ್ಣೆಗೆ ಸರಿಹೋಗದವೂ ಇರುತ್ತವಲ್ಲ. ಮೊದಲು ಬ್ಯಾಟರಿ ಹೋಯಿತು. ಎಂಜಿನ್ ಒಮ್ಮೆ ಬಂದ್ ಮಾಡಿದರೆ ನಾಲ್ಕು ಜನ ತಳ್ಳದೆ ಚಾಲೂ ಆಗುತ್ತಿರಲಿಲ್ಲ. ಆಮೇಲೆ ಲಿವರ್. ಮೇಲೆತ್ತಿದರೆ ಹಲ್ಲು ನಿಲ್ಲಬೇಕು, ಇಳಿಸಿದರೆ ತಿರುಗಬೇಕು. ಅದು ಸವೆದು, ಎತ್ತಿದಲ್ಲಿ ನಿಲ್ಲದೆ ತಾನೇ ಜಾರತೊಡಗಿತು. ಹಲ್ಲಿನ ಸಂದಿಯಲ್ಲಿ ಕಲ್ಲು ಸಿಕ್ಕಿದಾಗಲೆಲ್ಲ ಕೆಳಗಿಳಿದು ಹಾರೆಯಿಂದ ಮೀಟಬೇಕು. ಎಂಜಿನ್ ಬಂದ್ ಮಾಡುವ ಹಾಗಿಲ್ಲ, ಲಿವರ್ ನಂಬುವ ಹಾಗಿಲ್ಲ. ಮಾವ ಸಾಹುಕಾರನಿಗೆ ಹೇಳಿದ. "ಮಾಡಿಸೂಣು ತಗೋ" ಎಂದ ಸಾಹುಕಾರ. ಮತ್ತೆ ಹೇಳಿದ. ಮತ್ತೆ ಅದೇ ಉತ್ತರ. ಕೊನೆಗೆ ಮಾವ ಹಳೇ ಟ್ಯೂಬು ಕತ್ತರಿಸಿ, ಕಲ್ಲು ಮೀಟಲು ಇಳಿಯುವಾಗಲೆಲ್ಲ ಲಿವರನ್ನು ಎತ್ತಿ ಅದರಿಂದ ಸೀಟಿಗೆ ಕಟ್ಟತೊಡಗಿದ.

ಸಾಹುಕಾರ ಅದನ್ನು ನೋಡಿ ತೊಡೆ ತಟ್ಟಿ ನಕ್ಕ. "ಏನ್ ತಲಿ ಓಡಿಸ್ಯಾನಪಾ ಇವ! ಕಂಪನಿಯವ್ರು ಬಂದು ಇವನ ಹತ್ರ ಕಲೀಬೇಕು!" ಚಹಾದಂಗಡಿಯಲ್ಲೂ ಅದೇ ಮಾತು. ಹೊಳಲಿನಿಂದ ಟ್ರ್ಯಾಕ್ಟರಿನವರು ಬಂದು ಗಂಟು ನೋಡಿ ಶಹಬ್ಬಾಸ್ ಎಂದರು. ನಮ್ಮಪ್ಪನೂ ಎಂದ. ಮಾವ ಮೀಸೆ ಮೇಲೆ ಕೈ ಹಾಕಿದ.

ಅಂದಿನಿಂದ ರಿಪೇರಿಯ ಮಾತೇ ನಿಂತಿತು. ಹೊಗಳಿದರೆ ಕೆಲಸ ನಡೆಯುವಾಗ ಯಾವ ಸಾಹುಕಾರ ಮಿಸ್ತ್ರಿಯನ್ನು ಕರೆಸುತ್ತಾನೆ? ಮಾವನಿಗೂ ಕೇಳಲು ನಾಚಿಕೆ. ಕೇಳಿದರೆ ತನ್ನ ಗಂಟು ಸೋತ ಹಾಗಲ್ಲವೇ!

ನಮ್ಮ ಹೊಲದಲ್ಲೇ ಆಯಿತು. ನೆತ್ತಿ ಸುಡುವ ಬಿಸಿಲು. ನಾನು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ, "ಉಣ್ಣಾಕ ಬಾ ಮಾವ" ಎಂದು ಕೂಗಿದೆ. "ಒಂದು ಕಲ್ಲು ಸಿಕ್ಕೊಂಡೈತಿ, ತಗದು ಬಂದೆ" ಎಂದ. ಟ್ಯೂಬು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಅದು ಹರಿದದ್ದು ನಮಗೆ ಕೇಳಿಸಲಿಲ್ಲ. ಮಾವನ ಕೂಗು ಕೇಳಿಸಿತು... ಅಪ್ಪ ಓಡಿಹೋಗಿ ಎಂಜಿನ್ ಬಂದ್ ಮಾಡಿದ. ಬಂದ್ ಮಾಡುವುದು ಅಷ್ಟು ಸುಲಭವಿತ್ತು. ಬಲಗೈ ಮೊಣಕೈವರೆಗೆ ಹೋಯಿತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಆಸ್ಪತ್ರೆಗೆ ಬಂದ ಸಾಹುಕಾರ ಮಂಚದ ಪಕ್ಕ ನಿಂತು ಹೇಳಿದ ಮಾತು ಇದು: "ಮಷಿನಿಗೇನೂ ಆಗಿಲ್ಲ, ನೀ ಚಿಂತಿ ಮಾಡಬ್ಯಾಡ."

ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದೆ. ಅದೇ ಚಹಾದಂಗಡಿ, ಅದೇ ಬಾಯಿಗಳು. "ಅವಗ ಕಟ್ಟು ಅಂತ ಯಾರು ಹೇಳಿದ್ರು? ತಾನ ಕಟ್ಟಿದ, ತಾನ ಅನುಭವಿಸಿದ." ಹೊಗಳಿ ಅಟ್ಟಕ್ಕೇರಿಸಿದವರೇ ಏಣಿ ತೆಗೆದರು. ಕೆಲವರು ಹಣೆಬರಹ ಎಂದರು. ಬ್ರಹ್ಮನಿಗೇನು ಗೊತ್ತು ಪಾಪ, ಈ ಹಣೆಬರಹ ಬರೆದದ್ದು ಬ್ಯಾಟರಿ ಹಾಕಿಸದ ಕೈ.

ಹಿರಿಯರು ಊರ ಕಟ್ಟೆಯ ಮೇಲೆ ಕೂಡಿ, ತಪ್ಪು ಯಾರದೆಂದು ಮಾವನನ್ನು ಕೇಳಿದರು. ಅವತ್ತಾದರೂ ಬಾಯಿ ಬಿಡುತ್ತಾನೆ ಎಂದು ನಾನು ಕಟ್ಟೆಯ ಬದಿ ನಿಂತಿದ್ದೆ. ಮಾವ ಎಡಗೈಯಿಂದ ಟವೆಲ್ ಸರಿಮಾಡಿಕೊಂಡು ಹೇಳಿದ: "ಕಟ್ಟಿದ್ದು ನಾನ ಅಲ್ಲೇನ್ರಿ. ಸಾವ್ಕಾರ್ರದೇನೈತಿ ಇದರಾಗ."

ಕಟ್ಟೆ ಖಾಲಿಯಾದ ಮೇಲೆ ಅವನ ಮೇಲೆ ಹರಿಹಾಯ್ದೆ. "ರಿಪೇರಿ ಮಾಡಸ್ರಿ ಅಂತ ಎಷ್ಟು ಸಲ ಕೇಳಿದ್ದಿ! ಅದನ್ಯಾಕ ಹೇಳ್ಲಿಲ್ಲ ಮಾವ?"

"ಎಲ್ಲಾರೂ ನನ್ನ ತಲಿಗೆ ಶಹಬ್ಬಾಸ್ ಅಂದಿದ್ರವಾ. ಹಂಗ ಹೇಳಿದ್ರ, ಬ್ಯಾರೆ ದಾರಿ ಇಲ್ಲದ ಕಟ್ಟಿದ್ದ ಅಂತಾರ. ಕೈ ಅಂತೂ ಹೋತು, ಅದೊಂದಾರ ಇರ್ಲಿ ಬಿಡು."

ಸಾಹುಕಾರನಿಗಿಂತ ಹೆಚ್ಚು ಸಿಟ್ಟು ನನಗೆ ಅವತ್ತು ಮಾವನ ಮೇಲೆ ಬಂತು. ಅವನ ಕೈ ತಿಂದದ್ದೇ ಆ ಶಹಬ್ಬಾಸ್. ಅದನ್ನೇ ಎದೆಗೆ ಅವಚಿಕೊಂಡು ಕೂತಿದ್ದ! ತಿಂಗಳುಗಟ್ಟಲೆ ನಾನು ಅವನನ್ನು ಸರಿಯಾಗಿ ಮಾತಾಡಿಸಲಿಲ್ಲ. ಸಾಹುಕಾರ ಬ್ಯಾಟರಿ ಹಾಕಿಸಿ, ಲಿವರ್ ಬದಲಿಸಿ, ಬೇರೆಯವನನ್ನು ಸೀಟಿನ ಮೇಲೆ ಕೂರಿಸಿದ. ಎಷ್ಟು ಬೇಗ ಆಯಿತು ಆ ರಿಪೇರಿ! ಮಷಿನ್ ಓಣಿಯಲ್ಲಿ ಹಾದುಹೋಗುವಾಗ ಮಾವ ಹೊಸ್ತಿಲಿಗೆ ಬಂದು ನಿಂತು, ಅದರ ಸದ್ದು ಕೇಳಿ, "ಗ್ರೀಸ್ ಹಾಕಿಲ್ಲ" ಎನ್ನುತ್ತಿದ್ದ.

ಕೆಲವು ವರ್ಷಗಳ ಮೇಲೆ ಜ್ವರ ಬಂದು ತೀರಿಕೊಂಡ. ಮಣ್ಣಿಗೆ ಬಂದವರು "ಏನ್ ತಲಿ ಇತ್ತಪಾ ಅವಂದು" ಎಂದರು. ಸಾಹುಕಾರನೂ ಎಂದ. ನಾನು ಅಲ್ಲಿಂದ ಎದ್ದು ಬಂದೆ. ಎದ್ದು ಬರದಿದ್ದರೆ ಏನು ಆಡುತ್ತಿದ್ದೆನೋ...

ಹೋದ ತಿಂಗಳು ಹರಪನಹಳ್ಳಿ ಕಡೆಯಿಂದ ಬಂದ ಆ ಡ್ರೈವರ್‌ಗೆ ನಾನು ಟ್ಯೂಬು ನೋಡುತ್ತಿರುವುದು ಕಂಡು ಹಿಗ್ಗಾಯಿತು. "ನಂದ ಐಡಿಯಾ ಅಕ್ಕಾ. ಹೆಂಗೈತಿ?" ಎಂದ. ಮುಖದಲ್ಲಿ ಅದೇ ಕಾಯುವಿಕೆ. ಒಂದು ಶಹಬ್ಬಾಸ್ ಸಾಕಾಗಿತ್ತು ಅವನಿಗೆ.

"ಎಂಜಿನ್ ಬಂದ್ ಮಾಡು" ಎಂದೆ.

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲಕ್ಕಾ."

"ಆಗಬ್ಯಾಡ. ಇಲ್ಲೇ ನಿಂದರ್ಲಿ."

ನನ್ನ ಮುಖ ನೋಡಿ ಬಂದ್ ಮಾಡಿದ. ಕುಡುಗೋಲು ತಂದು ಟ್ಯೂಬು ಕತ್ತರಿಸಿ ಕೈಯಲ್ಲಿ ಹಿಡಿದುಕೊಂಡೆ. ಅವನ ಮಾಲೀಕ ಫೋನಿನಲ್ಲಿ, "ಇಷ್ಟು ದಿನ ನಡದೈತಲ್ರಿ, ನಿಮಗೇನಾಗೇತಿ?" ಎಂದು ರೇಗಿದ. ನನಗೇನಾಗಿದೆ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. ಮಿಸ್ತ್ರಿ ಬಂದು ಲಿವರ್, ಬ್ಯಾಟರಿ ಎರಡನ್ನೂ ಬದಲಿಸುವವರೆಗೆ ಮಷಿನ್ ಹೊಲ ದಾಟಲಿಲ್ಲ. ದಾಟಲು ಅದು ಚಾಲೂ ಆಗಬೇಕಲ್ಲ! ಅಷ್ಟರಲ್ಲಿ ಮಳೆ ಹಿಡಿಯಿತು, ಅರ್ಧ ಹೊಲದ ಕಲ್ಲು ಹಾಗೇ ಉಳಿಯಿತು. ಆ ಕಲ್ಲಿನ ನಡುವೆಯೇ ಬಿತ್ತಿದೆವು.

ಟ್ಯೂಬಿನ ತುಂಡು ಈಗ ನಮ್ಮ ಅಡಿಗೆಮನೆಯ ಗೂಡಿನಲ್ಲಿದೆ. ಗಂಟು ಬಿಚ್ಚಿಲ್ಲ. ಮಾವ ಇದ್ದಿದ್ದರೆ ಒಯ್ದು ಅವನ ಮುಂದೆ ಒಗೆದು, ನೋಡು ಎನ್ನುತ್ತಿದ್ದೆ. ಅವನು ಎಡಗೈಯಲ್ಲಿ ಎತ್ತಿ, ತಿರುಗಿಸಿ ನೋಡಿ, "ಇವಗ ಗಂಟು ಹಾಕಾಕ ಬರಂಗಿಲ್ಲವಾ" ಎಂದಿರುತ್ತಿದ್ದ. ನನಗೆ ಮತ್ತೆ ಸಿಟ್ಟು ನೆತ್ತಿಗೇರುತ್ತಿತ್ತು, ಮತ್ತೆ ಮಾತು ಬಿಡುತ್ತಿದ್ದೆ. ಈಗ ಮಾತು ಬಿಡುವುದಕ್ಕೂ ಅವನಿಲ್ಲ.