ಕಾಗದದ ಹೂವಿಗೆ ಮೀನಿನ ಗೊಬ್ಬರ

ನಮ್ಮ ಪಕ್ಕದ ಮನೆಯ ಟೈಲರಣ್ಣ ಬಳ್ಳಿಯ ಎಲೆಯ ಮೇಲಿನ ಹಸಿರು ಹುಳುವನ್ನು ಎರಡು ಬೆರಳಲ್ಲಿ ಹಿಡಿದು ಪಿಚಕ್ಕೆಂದು ಹಿಸುಕುತ್ತಾರೆ. ಆಮೇಲೆ ಅದೇ ಬೆರಳಲ್ಲಿ ಗಿರಾಕಿಯ ಕತ್ತಿನ ಅಳತೆ ತೆಗೆಯುತ್ತಾರೆ. ನನ್ನ ಬಿಳಿ ಅಂಗಿಯೊಂದರ ಕಾಲರಿನಲ್ಲಿ ಇವತ್ತಿಗೂ ಹೋಗದ ಹಸಿರು ಕಲೆಯಿದೆ. ಹೆಂಡತಿ ಅದನ್ನು ಮುಟ್ಟುವುದಿಲ್ಲ. ನಾನೇ ಇಕ್ಕಳದಲ್ಲಿ ಹಿಡಿದು ಒಗೆಯುತ್ತೇನೆ.

ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಯುತ್ತಿರುವ ಈ ಮನುಷ್ಯನಿಗೆ ಇರುವುದು ಒಂದೇ ಚಟ: ಗೋಡೆಗೆ ಹಬ್ಬಿಸಿದ ಕಾಗದದ ಹೂವಿನ ಬಳ್ಳಿ. ಹೊಲಿದು ಉಳಿದ ಬಟ್ಟೆಯ ಪಟ್ಟಿಗಳಿಂದ ಅದನ್ನು ಮೊಳೆಗೆ ಕಟ್ಟುತ್ತಾರೆ, ಮುಳ್ಳು ಚುಚ್ಚಿದರೆ ಮಗುವನ್ನು ಗದರಿದಂತೆ ಗದರುತ್ತಾರೆ, ಭಾನುವಾರ ಟೇಪು ಹಿಡಿದು ಎಷ್ಟು ಇಂಚು ಬೆಳೆದಿದೆಯೆಂದು ಅಳೆಯುತ್ತಾರೆ. ಇಂಚಿಗೇನೂ ಕೊರತೆಯಿರಲಿಲ್ಲ. ಐದು ವರ್ಷದಲ್ಲಿ ಬಳ್ಳಿ ತಾರಸಿ ಮುಟ್ಟಿತ್ತು. ಹೂವು ಮಾತ್ರ ಒಂದೂ ಇಲ್ಲ.

ಬಳ್ಳಿಯ ಹೊಟ್ಟೆಗೆ ಸಾಲುತ್ತಿಲ್ಲ ಎಂದು ಅಣ್ಣನ ತೀರ್ಮಾನ. ಮೀನಿನಂಗಡಿಯಿಂದ ಕರುಳು, ಕಿವಿರು ತಂದು ಬೆಲ್ಲದ ಜೊತೆ ಡ್ರಮ್ಮಿನಲ್ಲಿ ಕೊಳೆಯಲು ಹಾಕಿದರು. ಡ್ರಮ್ಮು ನಿಂತದ್ದು ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ. ಮೇಲೆ ಬೂದು ನೊರೆ, ನೊರೆಯೊಳಗೆ ಅಕ್ಕಿಕಾಳಿನಂಥ ಹುಳುಗಳ ಮಿಸುಕಾಟ. ಆ ನಾತ ನಾಲಿಗೆಯ ಮೇಲೆ ಬಂದು ಕೂರುತ್ತಿತ್ತು. ಕಾಫಿ ಕುಡಿದರೂ ಮೀನು, ಹಲ್ಲುಜ್ಜಿದರೂ ಮೀನು.

ಮಗಳ ಹೆರಿಗೆಗೆಂದು ಇಬ್ಬರೂ ಹೊರಟ ದಿನ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಗೇಟಿನಲ್ಲೇ ಕಡ್ಡಿ ಮುರಿದಂತೆ ಹೇಳಿದರು: "ತಿಂಗಳು ಬಿಟ್ಟು ಬರ್ತೀವಿ. ಅಷ್ಟರಲ್ಲಿ ಒಂದು ಹೂ ಕಾಣ್ಲಿಲ್ಲ ಅಂದ್ರೆ ಬುಡಕ್ಕೇ ಗರಗಸ. ಈ ಮನೇಲಿ ಇರೋದು ಒಂದೋ ನಾನು, ಇಲ್ಲ ಅದು."

ಅಣ್ಣನ ಮುಖ ಬಾಡಿತು. ಉದ್ದ ಹಿಡಿಯ ಸೌಟೊಂದನ್ನು ನನ್ನ ಕೈಗಿಟ್ಟರು. "ಮೇಷ್ಟ್ರೇ, ದಿನಕ್ಕೆರಡು ಸೌಟು, ಮೇಲೆ ಒಂದು ಕೊಡ ನೀರು. ನಿಮ್ಮನ್ನೇ ನಂಬಿದೀನಿ."

"ಅದಕ್ಕೇನಂತೆ, ಆಗ್ಲಣ್ಣಾ" ಎಂದೆ. ಇಲ್ಲ ಎನ್ನಲು ಬಾರದಿರುವುದು ನನ್ನ ಹುಟ್ಟುರೋಗ.

ಮೊದಲ ದಿನ ಮುಚ್ಚಳ ತೆಗೆದು ಸೌಟು ಅದ್ದಿದೆ. ಕಿವಿರೊಂದು ಅಂಟಿಕೊಂಡು ಮೇಲೆ ಬಂತು. ಬೆಳಗ್ಗೆ ತಿಂದದ್ದೆಲ್ಲ ಬಳ್ಳಿಯ ಬುಡಕ್ಕೇ ಕಕ್ಕಿದೆ. ಆ ತಿಂಗಳು ನಾನು ಹಾಕಿದ ಗೊಬ್ಬರ ಅಷ್ಟೇ. ಮುಚ್ಚಳದ ಮೇಲೆ ದಪ್ಪ ಕಲ್ಲು ಹೇರಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನೀರೂ ಇಲ್ಲ. ಎರಡನೇ ವಾರ ಎಲೆ ಉದುರತೊಡಗಿತು. ಕೊಲೆ ಮಾಡಿದವನ ಹಾಗೆ ಕಿಟಕಿಯಿಂದ ಇಣುಕಿ ಇಣುಕಿ ನೋಡಿದೆ. ನಾಲ್ಕನೇ ವಾರ, ಬೋಳು ಕೊಂಬೆಗಳ ತುಂಬ ರಾಣಿ ಬಣ್ಣದ ಹೂವು!

ಹಿಂತಿರುಗಿದ ಅತ್ತಿಗೆ ಚೀಲ ಇಳಿಸದೆ ನಿಂತುಬಿಟ್ಟರು. "ಹಾಳಾದ್ದು, ಚೆನ್ನಾಗಿದೆ ಕಣ್ರೀ. ಇರ್ಲಿ ಬಿಡಿ."

"ನೋಡಿದ್ರಾ ಮೇಷ್ಟ್ರೇ, ನನ್ನ ಗೊಬ್ಬರದ ಪವರ್ರು!" ಅಣ್ಣ ನನ್ನನ್ನು ತಬ್ಬಿಕೊಂಡರು. "ನಾಳೇನೇ ಇನ್ನೆರಡು ಡ್ರಮ್ಮು ಇಡ್ತೀನಿ."

ಇನ್ನೆರಡು! ಸತ್ಯ ತಾನಾಗಿಯೇ ಬಾಯಿಂದ ಬಿತ್ತು. "ಅಣ್ಣಾ, ನಾನು ಒಂದು ಸೌಟೂ ಹಾಕಿಲ್ಲ. ನೀರೂ ಹಾಕಿಲ್ಲ."

ಅತ್ತಿಗೆ ಗೊಳ್ಳೆಂದು ನಕ್ಕರು. "ನೀವು ತೊಲಗಿದ ಖುಷಿಗೆ ಹೂ ಬಿಟ್ಟಿದೆ ಬಿಡಿ!"

ಅಣ್ಣ ನಗಲಿಲ್ಲ. ಬುಡದ ಒಣಮಣ್ಣನ್ನು ಬೆರಳಲ್ಲಿ ಕೆದಕಿದರು. "ಒಣಗಿದ್ರೇ ಹೂ ಬಿಡೋದಾ ಇದು? ಹಂಗಾದ್ರೆ ಈ ಗಲೀಜು ಯಾಕೆ?" ಎಂದವರೇ ಕಲ್ಲು ತಳ್ಳಿ ಡ್ರಮ್ಮು ಉರುಳಿಸಿಬಿಟ್ಟರು. ಇಳಿಜಾರಿರುವುದು ನಮ್ಮ ಅಂಗಳದ ಕಡೆ. ತಿಂಗಳು ಮುಚ್ಚಿಟ್ಟ ಪಾಕ ನೊರೆ, ಕರುಳು, ಹುಳುಗಳ ಸಮೇತ ನಮ್ಮ ಮೆಟ್ಟಿಲವರೆಗೂ ಬಂತು.

ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಒಳಗಿಂದ ಚಿಲಕ ಹಾಕಿದಳು. "ಸತ್ಯ ಹೇಳಿದೋರೇ ತೊಳ್ಕೊಂಡು ಬನ್ನಿ."